ವೈರು ಸಾಲದಿದ್ದಾಗ

ಕೇಳುಗರಿಗೆ ನಮಸ್ಕಾರ.

ಅಡುಗೆಮನೆ ಗೋಡೆಗೆ ಹೊಸ ಟೈಲ್ಸ್ ಹಾಕಿಸುತ್ತೀರಿ. ಗೋಡೆ ಸ್ವಲ್ಪ ಮುಂದೆ ಬಂದಿರುತ್ತದೆ. ಸ್ವಿಚ್ ಬೋರ್ಡ್ ಮತ್ತೆ ಕೂರಿಸಲು ಹೋದರೆ ಒಳಗಿನ ವೈರು ಸಾಲುವುದಿಲ್ಲ. ಆಗ ಹೇಗೋ ಎಳೆದು ತಂದು, ತುದಿಯನ್ನಷ್ಟೇ ಸ್ಕ್ರೂಗೆ ಸಿಕ್ಕಿಸಿ ಮುಚ್ಚಿಬಿಡುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಿಸಬೇಡಿ.

ಬಿಗಿದು ಎಳೆದ ವೈರು ಕ್ರಮೇಣ ಸಡಿಲವಾಗುತ್ತದೆ. ಸಡಿಲವಾದ ಜಾಗ ಬಿಸಿಯಾಗುತ್ತದೆ. 2000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟು ಸಡಿಲ ಸ್ಕ್ರೂ ದಾಟಿ ಹೋದರೆ ಸಾಕೆಟ್ಟಿನ ತೂತಿನ ಸುತ್ತ ಕಂದು ಕಲೆ ಮೂಡುತ್ತದೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತದೆ. ‘ತಾನೇ ಆಫ್ ಆಗುವ ಸ್ವಿಚ್ಚು, ಎಂಸಿಬಿ, ಇದೆಯಲ್ಲ, ಬೀಳುತ್ತೆ ಬಿಡಿ’ ಅನ್ನುತ್ತಾರೆ. ಬೀಳುವುದಿಲ್ಲ! ಕರೆಂಟು ಮಿತಿ ಮೀರಿದರೆ ಅಥವಾ ಶಾರ್ಟ್ ಆದರೆ ಮಾತ್ರ ಅದು ಬೀಳುವುದು. ಇಲ್ಲಿ ಕರೆಂಟು ಮಿತಿಯೊಳಗೇ ಇದೆ, ಸುಡುತ್ತಿರುವುದು ಜಾಯಿಂಟು.

ಪೈಪಿನಲ್ಲಿ ಜಾಗವಿದ್ದರೆ ಹಳೆಯದನ್ನು ತೆಗೆದು ಪೂರ್ತಿ ಹೊಸ ವೈರು ಎಳೆಸುವುದೇ ಒಳ್ಳೆಯದು. ಆಗದಿದ್ದರೆ ತುಂಡು ಸೇರಿಸಬಹುದು. ಆದರೆ ಜಾಯಿಂಟು ಪೈಪಿನೊಳಗೆ, ಪ್ಲಾಸ್ಟರಿನೊಳಗೆ ಹೋಗಬಾರದು. ಮುಚ್ಚಳ ತೆಗೆದರೆ ಕಣ್ಣಿಗೆ ಕಾಣುವಂತೆ ಬಾಕ್ಸಿನಲ್ಲೇ ಇರಬೇಕು. ಬಾಕ್ಸ್ ಇಕ್ಕಟ್ಟಾಗಿದ್ದರೆ ಆಳದ್ದು ಹಾಕಿಸಿ.

ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಸಾಲದು. ಬಿಸಿಗೆ ಟೇಪಿನ ಅಂಟು ಬಿಡುತ್ತದೆ. ಸ್ಕ್ರೂ ಇರುವ ಕನೆಕ್ಟರೋ, ಒತ್ತಿ ಹಿಡಿಯುವ ಲಿವರ್ ಕನೆಕ್ಟರೋ ಬಳಸಿ, ಆ ಲೋಡಿಗೆ ತಡೆಯುವಂಥದ್ದು. ಸೇರಿಸುವ ವೈರು ಹಳೆಯದಕ್ಕಿಂತ ಸಣ್ಣದಿರಬಾರದು. 2.5 ಸ್ಕ್ವೇರ್ ಎಂಎಂ ವೈರಿಗೆ ಮನೆಯಲ್ಲಿ ಉಳಿದ 1 ಸ್ಕ್ವೇರ್ ಎಂಎಂ ತುಂಡು ಖಂಡಿತ ಬೇಡ. ತಾಮ್ರದ ಎಳೆಗಳೆಲ್ಲ ಕನೆಕ್ಟರಿನೊಳಗೆ ಹೋಗಬೇಕು, ಒಂದೂ ಹೊರಗೆ ಇಣುಕಬಾರದು. ಆಮೇಲೆ ಒಂದೊಂದೇ ವೈರು ಎಳೆದು ನೋಡಿ, ಜಾರಬಾರದು. ಹಸಿರು ಅರ್ಥ್ ವೈರನ್ನೂ ಸೇರಿಸಲೇಬೇಕು. ಅದಿಲ್ಲದೆಯೂ ಗೀಸರ್ ಓಡುತ್ತದೆ ಅಂತ ಬಿಟ್ಟರೆ, ಗೀಸರಿನಲ್ಲಿ ಕರೆಂಟು ಸೋರಿದಾಗ ಶಾಕ್ ಹೊಡೆಯುವುದು ಸ್ನಾನಕ್ಕೆ ಹೋದವರಿಗೆ. ಹಳೆ ಮನೆಯ ಅಲ್ಯುಮಿನಿಯಂ ವೈರಿಗೆ ತಾಮ್ರವನ್ನು ನೇರವಾಗಿ ತಿರುಚಬೇಡಿ, ಆ ಜಾಯಿಂಟು ಬೇಗ ಕೆಡುತ್ತದೆ.

ಇನ್ನೊಂದು ಮಾತು. ಮೇನ್ ಆಫ್ ಮಾಡಿದರೂ ಯುಪಿಎಸ್ ಇರುವ ಮನೆಯಲ್ಲಿ ಕೆಲವು ವೈರುಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಅದನ್ನೂ ಆಫ್ ಮಾಡಿಸಿ, ವೈರಿನಲ್ಲಿ ಕರೆಂಟಿಲ್ಲ ಅಂತ ಟೆಸ್ಟರಿನಿಂದ ನೋಡಿಸಿ. ಟೆಸ್ಟರ್ ಸರಿಯಿದೆಯಾ ಅಂತ ಮೊದಲೇ ಕರೆಂಟಿರುವ ಸಾಕೆಟ್ಟಿನಲ್ಲಿ ನೋಡಿಕೊಂಡಿರಬೇಕು. ಈ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಬೋರ್ಡ್ ಮುಚ್ಚುವ ಮೊದಲು, ‘ಜಾಯಿಂಟ್ ಎಲ್ಲಿದೆ, ತೋರಿಸಪ್ಪಾ’ ಅಂತ ಕೇಳಿ.

ನಮಸ್ಕಾರ.