ಈ ಕಿಟಕಿ ನೋಡಿದರೆ ಯಜಮಾನ ಯಾರ ಕಡೆ ಅಂತ ಗೊತ್ತಾಗುತ್ತದೆ!

[ದೃಶ್ಯ: ಮರದ ಚೌಕಟ್ಟಿನ ಹಳೆಯ ಮನೆ]

ನಮಸ್ಕಾರ. ಇದು ಇಂಗ್ಲೆಂಡಿನ ಬರ್ಕ್‌ಷೈರ್‌ನಲ್ಲಿ, ಮೇಡನ್‌ಹೆಡ್ ಪಕ್ಕ ಇರುವ ಆಕ್‌ವೆಲ್ಸ್ ಮ್ಯಾನರ್. 15ನೇ ಶತಮಾನದ ಮಧ್ಯದಲ್ಲಿ ಇದನ್ನು ಕಟ್ಟಿಸಿದವನು ಜಾನ್ ನಾರಿಸ್. ದೊರೆ 6ನೇ ಹೆನ್ರಿಯ ಬಟ್ಟೆಬರೆಯ ಉಗ್ರಾಣ ನೋಡಿಕೊಂಡಿದ್ದವನು. ಮನೆ ಚೆಂದ ಇದೆ, ಆದರೆ ಹೊರಗೆ ಜಾಸ್ತಿ ಹೊತ್ತು ನಿಲ್ಲುವುದು ಬೇಡ. ವಿಷಯ ಇರುವುದು ಹಾಲ್‌ನಲ್ಲಿ.

[ದೃಶ್ಯ: ಹಾಲ್‌ನ ಕಿಟಕಿ ಸಾಲು]

ಬಣ್ಣದ ಗಾಜಿನಲ್ಲಿ ಒಟ್ಟು 18 ಲಾಂಛನಗಳಿವೆ, ಅಂದರೆ ಗುರಾಣಿಯ ಮೇಲಿನ ಗುರುತಿನ ಚಿತ್ರಗಳು. ನಾರಿಸ್ ಬರೀ ತನ್ನ ಮನೆತನದ್ದನ್ನು ಹಾಕಿಸಿ ಸುಮ್ಮನಾಗಲಿಲ್ಲ. ದೊರೆಯದಿದೆ, ರಾಣಿ ಮಾರ್ಗರೆಟ್‌ಳದಿದೆ. ಸಾಮರ್‌ಸೆಟ್‌ನ ಡ್ಯೂಕ್ ಎಡ್ಮಂಡ್ ಬೋಫರ್ಟ್, ವಾರಿಕ್‌ನ ಡ್ಯೂಕ್ ಹೆನ್ರಿ ಬೀಚಮ್, ಆಬಿಂಗ್‌ಡನ್ ಮಠ, ಎಲ್ಲರೂ ಇದ್ದಾರೆ. ಊಟಕ್ಕೆ ಬಂದವರು ತಲೆ ಎತ್ತಿದರೆ ಸಾಕು, ಈ ಮನುಷ್ಯನಿಗೆ ಎಷ್ಟು ದೊಡ್ಡವರ ಬಳಕೆ ಇದೆ ಅಂತ ತಿಳಿಯುತ್ತಿತ್ತು. ಅದಕ್ಕೆ ಓದು ಬರಹವೂ ಬೇಕಿರಲಿಲ್ಲ.

ಹಿನ್ನೆಲೆಯ ಗಾಜಿನ ಮೇಲೆ ನಾರಿಸ್‌ನ ಧ್ಯೇಯವಾಕ್ಯ ಓರೆಯಾಗಿ, ಸಾಲುಸಾಲಾಗಿ ಬರುತ್ತದೆ: ನಿಷ್ಠೆಯಿಂದ ಸೇವೆ ಮಾಡು.

[ದೃಶ್ಯ: ಮಾದರಿ ಚಿತ್ರ, ಕೆಂಪಿನ ಮೇಲೆ ಚಿನ್ನದ ಸಿಂಹಗಳು]

ಇಂಗ್ಲೆಂಡ್ ದೊರೆಯ ಲಾಂಛನದಲ್ಲಿ ಕೆಂಪಿನ ಮೇಲೆ 3 ಚಿನ್ನದ ಸಿಂಹಗಳು. ಗಾಜಿನವರಿಗೆ ಇದು ತಲೆನೋವು. ಬಣ್ಣ ಬದಲಾದ ಕಡೆಯೆಲ್ಲ ಬೇರೆ ತುಂಡು ಕತ್ತರಿಸಿ, ಸೀಸದ ಪಟ್ಟಿಯಿಂದ ಜೋಡಿಸಬೇಕು. ಸಿಂಹದ ಬಾಲ, ಉಗುರನ್ನು ಹಾಗೆ ಕತ್ತರಿಸಲು ಆಗುತ್ತದಾ?

ಆ ಕಾಲದವರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಕೆಂಪು ಗಾಜು ಒಳಗೆಲ್ಲ ಕೆಂಪಾಗಿದ್ದರೆ ಬೆಳಕೇ ದಾಟದೆ ಕಪ್ಪಾಗಿ ಕಾಣುತ್ತದೆ. ಅದಕ್ಕೆ ಬಣ್ಣವಿಲ್ಲದ ಗಾಜಿನ ಮೇಲೆ ತೆಳ್ಳಗೆ ಕೆಂಪು ಪದರ ಕೂರಿಸುತ್ತಿದ್ದರು. ಈಗ ಸಿಂಹದ ಆಕಾರದಷ್ಟು ಕೆಂಪನ್ನು ಉಜ್ಜಿ ತೆಗೆಯಬೇಕು. ಗಾಜಿನ ಹಿಂಬದಿಗೆ ಬೆಳ್ಳಿ ಬೆರೆತ ಲೇಪ ಬಳಿದು ಗೂಡಿನಲ್ಲಿ ಕಾಯಿಸಬೇಕು. ಬೆಳ್ಳಿ ಗಾಜಿನೊಳಕ್ಕೆ ಇಳಿದು ಹಳದಿ ಬರುತ್ತದೆ. ಬೆಳ್ಳಿ ಹಾಕಿ ಚಿನ್ನದ ಬಣ್ಣ! ಕಣ್ಣು, ಕೇಸರದ ಗೆರೆಗಳನ್ನು ಗಾಢ ಬಣ್ಣದಲ್ಲಿ ಬರೆದು ಸುಡುತ್ತಿದ್ದರು.

[ದೃಶ್ಯ: ಇಸವಿಗಳ ಗೆರೆ, 1455, 1461, 1466]

ಆದರೆ ಸಿಂಹಾಸನಕ್ಕಾಗಿ ನಡೆದ ಕಾದಾಟದಲ್ಲಿ ನಾರಿಸ್ ನೆಚ್ಚಿಕೊಂಡ ಹೆನ್ರಿಯ ಪಕ್ಷ ಸೋತಿತು. 1455ರಲ್ಲಿ ಸೇಂಟ್ ಆಲ್ಬನ್ಸ್ ಕಾಳಗದಲ್ಲಿ ಬೋಫರ್ಟ್ ಸತ್ತ. 1461ರಲ್ಲಿ ಹೆನ್ರಿಯನ್ನು ಇಳಿಸಿ 4ನೇ ಎಡ್ವರ್ಡ್ ದೊರೆಯಾದ. ನಾರಿಸ್ ಮಾತ್ರ ಅದನ್ನೂ ದಾಟಿ 1466ರವರೆಗೆ ಬದುಕಿದ. ದೊರೆಯ ಲಾಂಛನಕ್ಕೇನೂ ತೊಂದರೆಯಿಲ್ಲ, ಎಡ್ವರ್ಡ್‌ನ ಗುರಾಣಿಯ ಮೇಲೂ ಅದೇ ಚಿತ್ರ. ರಾಣಿಯದು, ಬೋಫರ್ಟ್‌ನದು ಹಾಗಲ್ಲ, ಸೋತ ಪಕ್ಷದವು ಅಂತ ನೋಡಿದವರಿಗೆ ಗೊತ್ತಾಗಿಬಿಡುತ್ತಿತ್ತು. ಅವೂ ಉಳಿದವು. ನನ್ನನ್ನು ಕೇಳಿದರೆ, ಇದು ನಿಷ್ಠೆಯೇ ಇರಬೇಕು ಅಂತೇನಿಲ್ಲ. ಅಷ್ಟು ದುಡ್ಡು ಸುರಿದ ಗಾಜನ್ನು ಯಾರು ಒಡೆಯುತ್ತಾರೆ, ಅಲ್ವಾ?

19ನೇ ಶತಮಾನದಲ್ಲಿ ಮನೆ ಹಾಳಾಗುತ್ತಾ ಬಂದಾಗ, ಗಾಜನ್ನು ಬಿಚ್ಚಿ ಹತ್ತಿರದ ಟ್ಯಾಪ್ಲೋ ಕೋರ್ಟ್ ಅನ್ನುವ ದೊಡ್ಡ ಬಂಗಲೆಯಲ್ಲಿ ಇಟ್ಟಿದ್ದರು. ಆಮೇಲೆ ವಾಪಸ್ ಬಂತು. ಇದು ಖಾಸಗಿ ಮನೆ. ಇಂಥ ಗಾಜನ್ನು ಕಣ್ಣಾರೆ ನೋಡಬೇಕು ಅಂದರೆ ಸಾಮರ್‌ಸೆಟ್‌ನ ಮಾಂಟೆಕ್ಯೂಟ್ ಹೌಸ್‌ಗೆ ಹೋಗಬಹುದು, ಅದು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಯಲ್ಲಿದೆ.