ಇಲಿ ಬರುವ ದಾರಿ ಮುಚ್ಚುವುದು ಮೊದಲು

ಕೇಳುಗರಿಗೆ ನಮಸ್ಕಾರ. ಸುಗ್ಗಿ ಮುಗಿದು ರಾಗಿ, ಭತ್ತ, ಕಡಲೆಕಾಯಿ ಮನೆ ಸೇರಿದ ಮೇಲೆ ಚಿಟ್ಟಿಲಿಗಳ ಕಾಟ ಹೆಚ್ಚುತ್ತದೆ. ಆಗ ಬಹಳಷ್ಟು ಜನ ಮಾಡುವ ಮೊದಲ ಕೆಲಸವೆಂದರೆ ಅಂಗಡಿಯಿಂದ ಪಾಷಾಣ ತರುವುದು. ಆದರೆ ಸುಮಾರು 3 ವಾರಗಳಲ್ಲಿ ಗರ್ಭ ಕಳೆದು ಒಂದು ಸೂಲಿಗೆ ಐದಾರು ಮರಿ ಹಾಕುವ, ಆ ಮರಿಗಳೂ ಆರೇಳು ವಾರಗಳಲ್ಲಿ ಪ್ರಾಯಕ್ಕೆ ಬರುವ ಈ ಪ್ರಾಣಿಯನ್ನು, ಒಳಗೆ ಬರುವ ದಾರಿ ತೆರೆದಿಟ್ಟುಕೊಂಡು ಎಷ್ಟು ಕೊಂದರೂ ಮುಗಿಯುವುದಿಲ್ಲ.

ಪೆನ್ಸಿಲ್ ತೂರುವಷ್ಟು, ಅಂದರೆ 6 ಮಿಲಿಮೀಟರ್ ಸಂದು ಸಿಕ್ಕರೂ ಚಿಟ್ಟಿಲಿ ಒಳಗೆ ನುಸುಳಬಲ್ಲದು. ಅದರ ಓಡಾಟ ತಿಳಿಯಬೇಕಾದರೆ, ರಾತ್ರಿ ಮಲಗುವ ಮುನ್ನ ಅಡುಗೆಮನೆಯ ಗೋಡೆಯಂಚಿನಲ್ಲಿ ತೆಳ್ಳಗೆ ಅಕ್ಕಿಹಿಟ್ಟು ಉದುರಿಸಿಡಿ. ಬೆಳಿಗ್ಗೆ ಹಿಟ್ಟಿನ ಮೇಲೆ ಪುಟ್ಟ ಹೆಜ್ಜೆಗಳೂ ನಡುವೆ ಬಾಲ ಎಳೆದ ಸಣ್ಣ ಗೆರೆಯೂ ಮೂಡಿರುತ್ತವೆ. ಆ ಜಾಡು ಸಾಮಾನ್ಯವಾಗಿ ಸಿಂಕಿನ ಕೊಳವೆಯ ಸುತ್ತಲಿನ ಸಂದಿಗೋ, ಗ್ಯಾಸ್ ಕೊಳವೆಗೆಂದು ಕೊರೆದ ತೂತಿಗೋ, ಹಿತ್ತಲ ಬಾಗಿಲಿನ ಅಡಿಗೋ ಹೋಗಿ ಮುಟ್ಟುತ್ತದೆ. ಬಟ್ಟೆ, ಥರ್ಮೋಕೋಲ್ ತುರುಕಿದರೆ ಇಲಿ ಕಡಿದು ಹಾಕುತ್ತದೆ; ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಒತ್ತಿ ತುಂಬಿ ಮೇಲೆ ಸಿಮೆಂಟ್ ಬಳಿದರೆ ನಿಲ್ಲುತ್ತದೆ. ಕಾಳುಕಡಿ ಮುಚ್ಚಳವಿರುವ ಡಬ್ಬಿಗಳಲ್ಲಿರಲಿ.

ಈಗಾಗಲೇ ಒಳಗಿರುವ ಇಲಿಗೆ ಬೋನೇ ಲೇಸು. ಚಿಟ್ಟಿಲಿ ಗೋಡೆಗೆ ಮೀಸೆ ತಾಗಿಸಿಕೊಂಡು ಓಡುವುದರಿಂದ ಬೋನನ್ನು ಗೋಡೆಗೆ ಒತ್ತಿಯೇ ಇಡಬೇಕು. ನಡುಮನೆಯಲ್ಲಿಟ್ಟ ಬೋನು ಖಾಲಿಯೇ ಉಳಿಯುತ್ತದೆ. ಸುಟ್ಟ ಕೊಬ್ಬರಿಯ ಒಂದು ಚೂರು ಸಾಕು. ಜೀವಂತ ಹಿಡಿಯುವ ಬೋನನ್ನು ಬೆಳಿಗ್ಗೆ ಸಂಜೆ ತಪ್ಪದೆ ನೋಡಬೇಕು, ಇಲ್ಲವಾದರೆ ಒಳಗಿನ ಜೀವ ಭಯದಿಂದ, ಹಸಿವಿನಿಂದ ನರಳಿ ಸಾಯುತ್ತದೆ. ಕೊಲ್ಲಲೇಬೇಕೆಂದಾದರೆ ಬಿಗಿಯಾದ ಸ್ಪ್ರಿಂಗ್ ಇರುವ, ಒಂದೇ ಏಟಿಗೆ ಪ್ರಾಣ ತೆಗೆಯುವ ಅಡೆ ಬಳಸುವುದರಲ್ಲಿ ಅಂಟುಹಲಗೆಗಿಂತ ಎಷ್ಟೋ ಪಾಲು ಕರುಣೆಯಿದೆ. ಅಂಟಿಗೆ ಸಿಕ್ಕ ಇಲಿ ಬಿಡಿಸಿಕೊಳ್ಳಲು ಹೆಣಗಿ ಚರ್ಮವನ್ನೇ ಕಿತ್ತುಕೊಳ್ಳುತ್ತದೆ, ಗಂಟೆಗಟ್ಟಲೆ ಸಾಯದೆ ಒದ್ದಾಡುತ್ತದೆ. ಹಲ್ಲಿಯೂ ಗುಬ್ಬಿಯೂ ಅದಕ್ಕೇ ಬಲಿಯಾಗುತ್ತವೆ. ಅಂಥದ್ದನ್ನು ದಯವಿಟ್ಟು ಮನೆಗೆ ತರಬೇಡಿ.

ಪಾಷಾಣದ ವಿಷಯದಲ್ಲಿ ನಾನು ಇನ್ನೂ ಕಟುವಾಗಿಯೇ ಹೇಳಬೇಕು. ಹಳದಿ ರಂಜಕವಿರುವ ಇಲಿ ಪೇಸ್ಟ್ ಮನುಷ್ಯನ ಹೊಟ್ಟೆ ಸೇರಿದರೆ ಯಕೃತ್ತು ಕೆಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಟೂತ್‌ಪೇಸ್ಟಿನಂಥ ಟ್ಯೂಬಿನಲ್ಲಿ ಬರುವ ಅದು ಮಕ್ಕಳಿರುವ ಮನೆಯಲ್ಲಿ ಇರಲೇಬಾರದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ಕೆಲವು ದಿನ ಒಳಗೇ ರಕ್ತ ಸೋರಿ ನವೆದು ಸಾಯುತ್ತದೆ. ನಿತ್ರಾಣವಾದ ಆ ಇಲಿಯನ್ನು ಹಿಡಿದು ತಿಂದ ಗೂಬೆಗೂ ಬೆಕ್ಕಿಗೂ ವಿಷ ದಾಟುತ್ತದೆ.

ಕೊನೆಗೆ ಹಿಕ್ಕೆಯ ಮಾತು. ಅದನ್ನು ಒಣಗಿದಂತೆಯೇ ಗುಡಿಸಿ ಧೂಳೆಬ್ಬಿಸಬೇಡಿ. ಬ್ಲೀಚಿಂಗ್ ಪುಡಿ ಕದಡಿದ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಕೈಗವಸು ತೊಟ್ಟು ಹಳೆಯ ಬಟ್ಟೆಯಲ್ಲಿ ಒರೆಸಿ ತೆಗೆದು, ಸೋಪು ಹಚ್ಚಿ ಕೈ ತೊಳೆಯಿರಿ. ನಮಸ್ಕಾರ.