ಪಿಟ್ ಲೇನ್‌ನಿಂದ ಹೊರಟ ಹುಡುಗ

ನಮಸ್ಕಾರ ಎಲ್ಲರಿಗೂ. ಈಗ ನೀವು ನೋಡುತ್ತಿರುವ ಕ್ಲಿಪ್ ನಾನೇ ಫೋನಿನಲ್ಲಿ ತೆಗೆದದ್ದು. 2023ರ ಸೆಪ್ಟೆಂಬರ್ 24, ಭಾನುವಾರ. ಜಾಗ ಗ್ರೇಟರ್ ನೊಯ್ಡಾದ ಬುದ್ಧ್ ಸರ್ಕ್ಯೂಟ್. ನಮ್ಮ ದೇಶಕ್ಕೆ ಮೊದಲ ಸಲ ಮೋಟೋಜಿಪಿ, ಅಂದರೆ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್, ಬಂದಿತ್ತು. ಬೆಂಗಳೂರಿನಿಂದ ನಾವು ಮೂವರು ಗೆಳೆಯರು ಹೋಗಿದ್ದೆವು. ಬಿಸಿಲು ಅಂದರೆ ಅಂಥಿಂಥ ಬಿಸಿಲಲ್ಲ. ಸ್ಟ್ಯಾಂಡಿನ ಕುರ್ಚಿ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಆ ಸೆಕೆಗೆ ದೊಡ್ಡ ರೇಸನ್ನೇ 24 ಲ್ಯಾಪ್‌ನಿಂದ, ಅಂದರೆ 24 ಸುತ್ತಿನಿಂದ, 21ಕ್ಕೆ ಇಳಿಸಬೇಕಾಯಿತು.

ಅದಕ್ಕೂ ಮೊದಲು ಮೋಟೋ2, ಅಂದರೆ ಒಂದು ಮೆಟ್ಟಿಲು ಕೆಳಗಿನ ದರ್ಜೆಯ ರೇಸ್ ಇತ್ತು. 37ನೇ ನಂಬರಿನ ಕೆಟಿಎಂ ತಂಡದ ಹುಡುಗ ಗೆದ್ದ. ನಮ್ಮ ಮುಂದಿನ ಕಂಬಿಯಾಚೆ ಆ ಬೈಕ್ ಹಾದು ಹೋಗುವಾಗ ಎದೆಯೊಳಗೆ ಗುಂಯ್ ಅನ್ನುವ ಸದ್ದು ಇನ್ನೂ ನೆನಪಿದೆ. ಆಗ ಅವನಿಗೆ 19 ವರ್ಷ. ಹೆಸರು ಪೆಡ್ರೊ ಅಕೋಸ್ಟಾ. ಇವತ್ತಿನ ವಿಡಿಯೋ ಪೂರ್ತಿ ಅವನದೇ. ಅದರಲ್ಲೂ ಅವನ ಮೊದಲ ಕೆಲವು ವರ್ಷಗಳದ್ದು.

ಸ್ಪೇನ್ ದೇಶದ ಆಗ್ನೇಯ ಮೂಲೆಯಲ್ಲಿ ಮುರ್ಸಿಯಾ ಅಂತ ಒಂದು ಪ್ರಾಂತ್ಯ. ಅಲ್ಲಿ ಮೆಡಿಟರೇನಿಯನ್ ದಂಡೆಯ ಊರು ಮಸರೋನ್. ಪೆಡ್ರೊ ಹುಟ್ಟಿದ್ದು ಅಲ್ಲೇ, 2004ರ ಮೇ 25ರಂದು. ಅಪ್ಪ ಮೀನುಗಾರ. ಅದಕ್ಕೇ ಅಭಿಮಾನಿಗಳು ಅವನನ್ನು ‘ಮಸರೋನ್‌ನ ಶಾರ್ಕ್’ ಅಂತ ಕರೆಯುವುದು.

ರೇಸಿಂಗ್ ಅಂದರೆ ದುಡ್ಡಿನ ಆಟ, ಅಲ್ವಾ? ಬೈಕು, ಟೈರು, ಮೆಕ್ಯಾನಿಕ್, ಪ್ರಯಾಣ, ಎಲ್ಲದಕ್ಕೂ ಸುರಿಯಬೇಕು. ಹಾಗಾಗಿ ಅವನ ಬದುಕಿನಲ್ಲಿ ಹೊಸ ಹುಡುಗರಿಗಾಗಿಯೇ ಇರುವ ರೆಡ್ ಬುಲ್ ರೂಕೀಸ್ ಕಪ್ ಸರಣಿ ಬಂದದ್ದು ದೊಡ್ಡ ವಿಷಯ ಅಂತ ನನಗೆ ಅನಿಸುತ್ತದೆ. ಅಲ್ಲಿ ಹುಡುಗರನ್ನು ಬೈಕ್ ಓಡಿಸಿ ನೋಡಿ ಆರಿಸುತ್ತಾರೆ. ಆಯ್ಕೆಯಾದ ಎಲ್ಲರಿಗೂ ಒಂದೇ ಥರದ ಕೆಟಿಎಂ ಬೈಕ್ ಕೊಡುತ್ತಾರೆ. ಅಪ್ಪನ ಜೇಬು ದೊಡ್ಡದಿದ್ದರೆ ಜಾಸ್ತಿ ಓಡುವ ಬೈಕ್ ಸಿಗುತ್ತದೆ ಅನ್ನುವ ಮಾತೇ ಇಲ್ಲ. 2019ರಲ್ಲಿ ಪೆಡ್ರೊ ಅಲ್ಲಿ ಎರಡನೆಯವನಾದ. 2020ರಲ್ಲಿ ಮೊದಲ ಆರು ರೇಸ್‌ಗಳನ್ನು ಸಾಲಾಗಿ ಗೆದ್ದ, ಕಪ್ಪನ್ನೂ ಹೊತ್ತುಕೊಂಡು ಹೋದ.

2021ರಲ್ಲಿ ಮೋಟೋ3, ಅಂದರೆ ಮೋಟೋ2ಗಿಂತಲೂ ಕೆಳಗಿನ ದರ್ಜೆಯ ವಿಶ್ವ ಚಾಂಪಿಯನ್‌ಶಿಪ್‌ಗೆ ಕಾಲಿಟ್ಟ. ತಂಡ ಫಿನ್ಲೆಂಡಿನ ಅಕಿ ಅಯೊ ಅವರದ್ದು. ಕತಾರ್‌ನ ಲೊಸೈಲ್‌ನಲ್ಲಿ ಮೊದಲ ರೇಸ್, ಎರಡನೇ ಸ್ಥಾನ. ಹದಿನಾರು ವರ್ಷದ ಹುಡುಗನಿಗೆ ಇದೇ ದೊಡ್ಡದು. ಆದರೆ ನಾನು ನಿಮಗೆ ಹೇಳಬೇಕಾದ್ದು ಮರುವಾರದ ಕಥೆ.

ಮೋಟೋ3 ಬೈಕು ಒಂದೇ ಸಿಲಿಂಡರಿನ 250 ಸಿಸಿ. ಶಕ್ತಿ ಕಡಿಮೆ. ಹಾಗಾಗಿ ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿಯ ತಡೆ ಕಡಿಮೆಯಾಗಿ ವೇಗ ಜಾಸ್ತಿ ಸಿಗುತ್ತದೆ. ಇದಕ್ಕೆ ಸ್ಲಿಪ್‌ಸ್ಟ್ರೀಮ್ ಅನ್ನುತ್ತಾರೆ. ಅದರ ಆಸೆಗೆ ಪ್ರಾಕ್ಟೀಸ್ ಹೊತ್ತಿನಲ್ಲಿ ಹುಡುಗರು ಟ್ರ್ಯಾಕ್ ಮೇಲೆ ನಿಧಾನಕ್ಕೆ ಹೋಗುತ್ತಾ, ಯಾರಾದರೂ ವೇಗದವನು ಬರಲಿ ಅಂತ ಹಿಂತಿರುಗಿ ನೋಡುತ್ತಿರುತ್ತಾರೆ. ತುಂಬಾ ಅಪಾಯದ ಚಾಳಿ ಇದು. ಹಿಂದಿನಿಂದ ಪೂರ್ತಿ ವೇಗದಲ್ಲಿ ಬರುವವನು ಬಂದು ಗುದ್ದಿದರೆ ಪ್ರಾಣಕ್ಕೇ ಕುತ್ತು. ಆ ವಾರ ಹಾಗೆ ಮಾಡಿದ ಏಳು ಜನರಿಗೆ ಶಿಕ್ಷೆಯಾಯಿತು. ಗ್ರಿಡ್ ಮೇಲೆ, ಅಂದರೆ ರೇಸ್ ಶುರುವಾಗುವ ಸಾಲಿನಲ್ಲಿ ಜಾಗ ಇಲ್ಲ, ತಂಡಗಳ ಗ್ಯಾರೇಜುಗಳ ಮುಂದಿನ ಪಿಟ್ ಲೇನ್‌ನಿಂದ ಹೊರಡಬೇಕು. ಪೆಡ್ರೊ ಆ ಏಳರಲ್ಲಿ ಒಬ್ಬ. ತಪ್ಪು ತಪ್ಪೇ, ಶಿಕ್ಷೆ ಸರಿಯಾಗಿಯೇ ಇತ್ತು.

ಈ ದೃಶ್ಯವನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಏಪ್ರಿಲ್ 4, ಮತ್ತೆ ಅದೇ ಲೊಸೈಲ್. ಉಳಿದವರೆಲ್ಲ ಹೊರಟಾಯಿತು. ಕಟ್ಟಕಡೆಯ ಬೈಕ್ ಎದುರು ಹಾದು ಹೋಗುವವರೆಗೂ ಈ ಏಳು ಜನ ಪಿಟ್ ಲೇನ್ ಬಾಯಲ್ಲಿ ಕ್ಲಚ್ ಹಿಡಿದು ನಿಂತಿರಬೇಕು. ಆಮೇಲೆ ದಾರಿ ಬಿಟ್ಟರು. ಎದುರಿಗೆ 18 ಲ್ಯಾಪ್.

ಏಳು ಜನರೂ ತಮ್ಮತಮ್ಮಲ್ಲಿ ಕಿತ್ತಾಡಲಿಲ್ಲ. ಸಾಲು ಕಟ್ಟಿಕೊಂಡು ಒಬ್ಬರ ಗಾಳಿಯಲ್ಲಿ ಇನ್ನೊಬ್ಬರು ಎಳೆದುಕೊಂಡು ಹೋದರು. ಮುಂದಿದ್ದ ದೊಡ್ಡ ಗುಂಪು ಪ್ರತಿ ತಿರುವಿನಲ್ಲೂ ಒಬ್ಬರನ್ನೊಬ್ಬರು ಹಿಂದಿಕ್ಕುತ್ತಾ ತಾನೇ ನಿಧಾನವಾಗುತ್ತಿತ್ತು. ನಡುವಿನ ಅಂತರ ಲ್ಯಾಪಿನಿಂದ ಲ್ಯಾಪಿಗೆ ಕರಗುತ್ತಾ ಬಂತು. ಪೆಡ್ರೊ ಗುಂಪಿನ ಬಾಲ ಹಿಡಿದ. ಆಮೇಲೆ ಒಬ್ಬೊಬ್ಬರನ್ನೇ ದಾಟುತ್ತಾ ಮೊದಲನೆಯವನಾದ. ಲೊಸೈಲ್‌ನಲ್ಲಿ ಕೊನೆಯ ತಿರುವಿನಿಂದ ಮುಂದೆ ಬಂದವನಿಗೇ ಕಷ್ಟ. ಅಷ್ಟು ಉದ್ದದ ನೇರ ದಾರಿಯಲ್ಲಿ ಹಿಂದಿನವನು ಗಾಳಿ ಹಿಡಿದು ಪಕ್ಕದಿಂದ ನುಗ್ಗುತ್ತಾನೆ. ದಕ್ಷಿಣ ಆಫ್ರಿಕಾದ ಡ್ಯಾರಿನ್ ಬಿಂಡರ್ ಹಾಗೇ ನುಗ್ಗಿ ಬಂದ. ಕಣ್ಣು ಮಿಟುಕಿಸುವಷ್ಟೂ ಅಂತರ ಇರಲಿಲ್ಲ, ಆದರೂ ಗೆರೆ ಮೊದಲು ದಾಟಿದ್ದು ಪೆಡ್ರೊ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವನ ಎರಡನೇ ರೇಸ್, ಮೊದಲ ಗೆಲುವು! ಈ ರೇಸನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಕೊನೆಯ ಲ್ಯಾಪ್ ಬಂದರೆ ಈಗಲೂ ಕುರ್ಚಿಯ ತುದಿಗೆ ಬರುತ್ತೇನೆ.

ಮುಂದಿನ ಎರಡು ರೇಸ್‌ಗಳನ್ನೂ, ಪೋರ್ಚುಗಲ್‌ನ ಪೋರ್ಟಿಮಾವ್ ಮತ್ತು ಸ್ಪೇನ್‌ನ ಹೆರೆಸ್, ಅವನೇ ಗೆದ್ದ. ನವೆಂಬರ್ 7ಕ್ಕೆ ಮೋಟೋ3 ಚಾಂಪಿಯನ್ ಆದ. ಇಟಲಿಯ ಲೊರಿಸ್ ಕಪಿರೋಸಿ 1990ರಲ್ಲಿ ಚಾಂಪಿಯನ್ ಆದಾಗ ಇದ್ದ ವಯಸ್ಸಿಗಿಂತ ಒಂದೇ ಒಂದು ದಿನ ದೊಡ್ಡವನು ಪೆಡ್ರೊ. ಒಂದು ದಿನ! ಇಲ್ಲದಿದ್ದರೆ ಅತಿ ಚಿಕ್ಕ ವಯಸ್ಸಿನ ವಿಶ್ವ ಚಾಂಪಿಯನ್ ಅನ್ನುವ ದಾಖಲೆ ಅವನದಾಗುತ್ತಿತ್ತು.

2022ರಲ್ಲಿ ಮೋಟೋ2. ಇಲ್ಲಿ ಬೈಕು ಭಾರ, ಎಂಜಿನ್ ಮೂರು ಸಿಲಿಂಡರಿನ 765 ಸಿಸಿ ಟ್ರಯಂಫ್. ಶುರುವಿನಲ್ಲಿ ಪರದಾಡಿದ. ಮೇ ತಿಂಗಳಲ್ಲಿ ಫ್ರಾನ್ಸಿನ ಲೆ ಮಾನ್‌ನಲ್ಲಿ ಪೋಲ್ ಪೊಸಿಷನ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಜಾಗ ಸಿಕ್ಕಿತು. ರೇಸಿನಲ್ಲೂ ಮುಂದಿದ್ದ, ಅಲ್ಲೇ ಬಿದ್ದುಬಿಟ್ಟ. ಗೆಲ್ಲುವ ರೇಸಿನಲ್ಲಿ ಬಿದ್ದರೆ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಕೈ ಕಟ್ಟಿಹಾಕಿದ ಹಾಗಾಗುತ್ತದೆ. ಇವನು ಎರಡೇ ವಾರದಲ್ಲಿ ಇಟಲಿಯ ಮುಜೆಲ್ಲೊದಲ್ಲಿ ಗೆದ್ದ. ಹದಿನೆಂಟು ತುಂಬಿ ನಾಲ್ಕೇ ದಿನ ಆಗಿತ್ತು.

ಆಮೇಲೆ ಬಂತು ನೋಡಿ ಕೆಟ್ಟ ಗಳಿಗೆ. ಜೂನ್‌ನಲ್ಲಿ ತರಬೇತಿಯ ಹೊತ್ತಿಗೆ ಬಿದ್ದು ತೊಡೆಮೂಳೆ ಮುರಿಯಿತು. ಆಪರೇಷನ್ ಆಯಿತು. ಬೈಕ್ ಓಡಿಸುವವರಿಗೆ ಗೊತ್ತು, ಟ್ಯಾಂಕನ್ನು ಬಿಗಿಯಾಗಿ ಹಿಡಿಯುವುದೇ ತೊಡೆ. ಬ್ರೇಕ್ ಹಾಕಿದಾಗ ಮೈ ಭಾರ ತಡೆಯುವುದೂ ಅದೇ. ಆದರೂ ಆಗಸ್ಟ್‌ನಲ್ಲಿ ಮತ್ತೆ ಬೈಕ್ ಏರಿದ, ಸೆಪ್ಟೆಂಬರ್‌ನಲ್ಲಿ ಸ್ಪೇನ್‌ನ ಅರಗೋನ್‌ನಲ್ಲಿ ಗೆದ್ದ. ಹೆಚ್ಚುಕಡಿಮೆ ಒಂದು ವರ್ಷದ ನಂತರ ನಮ್ಮ ಬುದ್ಧ್ ಸರ್ಕ್ಯೂಟ್‌ನಲ್ಲಿ ನಾನು ಕಣ್ಣಾರೆ ನೋಡಿದ್ದು ಇದೇ ಹುಡುಗನನ್ನು. ಅದೇ ನವೆಂಬರ್‌ನಲ್ಲಿ ಮಲೇಷ್ಯಾದ ಸೆಪಾಂಗ್‌ನಲ್ಲಿ ಮೋಟೋ2 ಚಾಂಪಿಯನ್ ಕೂಡ ಆದ.

2024ರಲ್ಲಿ ಮೋಟೋಜಿಪಿ. 37ನೇ ನಂಬರ್ ಅವನದೇ ತಂಡದ ಆಗಸ್ಟೊ ಫೆರ್ನಾಂಡಿಸ್ ಬಳಿ ಇತ್ತು, ಇವನು 31 ತೆಗೆದುಕೊಂಡ. ಮೊದಲ ರೇಸ್ ಮತ್ತೆ ಅದೇ ಲೊಸೈಲ್‌ನಲ್ಲಿ. ಒಂದು ಹಂತದಲ್ಲಿ ಹಲವು ಸಲ ವಿಶ್ವ ಚಾಂಪಿಯನ್ ಆಗಿದ್ದ ಮಾರ್ಕ್ ಮಾರ್ಕೆಜ್‌ನನ್ನೇ ದಾಟಿ ಹೋದ! ಆದರೆ ಟೈರ್ ಉಳಿಸಿಕೊಳ್ಳಲಿಲ್ಲ, ಕೊನೆಗೆ ಒಂಬತ್ತನೇ ಸ್ಥಾನಕ್ಕೆ ಜಾರಿದ. ನಾನು ಆ ರಾತ್ರಿ ಗೆಳೆಯರ ಗುಂಪಿಗೆ ಒಂದೇ ಸಾಲು ಕಳಿಸಿದ್ದೆ: “ಎರಡು ವಾರ ತಡೀರಿ.”

ಮಾರ್ಚ್ 24, ಪೋರ್ಟಿಮಾವ್. ಪೆಡ್ರೊ ಅಕೋಸ್ಟಾ, ಮೂರನೇ ಸ್ಥಾನ.